ವಾಲದ ಮೂಳೆ

ಸೇವಂತಿ ಚಾಪೆಯ ಮೇಲೆ ಮಗಳ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟಳು. ಒಟ್ಟು ನಾಲ್ಕು ಜೊತೆ, ಒಂದಕ್ಕಿಂತ ಒಂದು ಬೆರಳಗಲ ದೊಡ್ಡವು.

“ಐದು ತುಂಬಿದ ಮೇಲೆ ಪ್ರತಿ ದೀಪಾವಳಿಗೂ ಒಂದು ಜೊತೆ ಸ್ವಾಮಿ. ಅವಳ ಅಪ್ಪನೇ ಹೋಗಿ ತರುವುದು. ಒಂಬತ್ತನೇ ವರ್ಷದ್ದು ತಂದರೋ ಇಲ್ಲವೋ ಗೊತ್ತಿಲ್ಲ. ಆಗ ನಾನು ಊರಲ್ಲಿದ್ದೆ.”

ತಿರುಮಲೇಶರು ಒಂದು ಚಪ್ಪಲಿಯನ್ನು ಎತ್ತಿಕೊಂಡು ಮಗುಚಿ ನೋಡಿದರು. ರೈಲ್ವೆಯ ಕಳವು ಪತ್ತೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ ಮನುಷ್ಯ; ಯಾವ ವಸ್ತು ಕೈಗೆ ಸಿಕ್ಕರೂ ಮೊದಲು ಅದರ ತಳ ನೋಡುವ ಚಾಳಿ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಚಪ್ಪಲಿಯ ಅಟ್ಟೆ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ಹೊಲಿಗೆಯ ದಾರಕ್ಕೆ ಧೂಳು ಕೂಡ ಹತ್ತಿರಲಿಲ್ಲ.

ಹೊರಗೆ ಹೋಗುವಾಗ ಇದನ್ನು ಹಾಕಿಕೊಳ್ಳುತ್ತಿದ್ದಳೇ ಎಂದು ಕೇಳಿದರು.

“ಚಪ್ಪಲಿ ಇಲ್ಲದೆ ಹೊರಗೆ ಹೊರಡುವವಳೇ ಅಲ್ಲ ಅವಳು,” ಎಂದಳು ಸೇವಂತಿ. ಹನ್ನೆರಡು ದಿನಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದ್ದೇನೋ ಸುಳಿಯಿತು.

ಹೊರಗೆ ಹಾಕಿಕೊಂಡು ಹೋದ ಚಪ್ಪಲಿಯ ತಳ ಇಷ್ಟು ಚೊಕ್ಕಟವಾಗಿರುವುದು ಹೇಗೆ? ತಾಯಿಯ ಜೀವ, ದಿನವೂ ಒರೆಸಿಟ್ಟಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೂ ಅಂಗಿಯೊಳಗೆ ಹೊಕ್ಕ ಹುಲ್ಲಿನ ಮುಳ್ಳಿನ ಹಾಗೆ ಅದು ಒಳಗೇ ಚುಚ್ಚುತ್ತ ಉಳಿಯಿತು.

ಬೈಕುಲ್ಲಾದ ಕಾಂತಪ್ಪನ ಹೋಟೆಲಿನ ಹಿತ್ತಲಲ್ಲಿ ನೀರಿನ ತೊಟ್ಟಿಗೆಂದು ಅಗೆದಾಗ, ಮೋಹಿನಿಯ ಹಸಿರು ಲಂಗದಲ್ಲಿ ಸುತ್ತಿದ್ದ ಮೂಳೆಗಳು ಸಿಕ್ಕಿದ್ದು ಹನ್ನೆರಡು ದಿನಗಳ ಹಿಂದೆ. ಅವಳ ಅಪ್ಪ, ಆ ಹೋಟೆಲಿಗೆ ಹದಿನಾಲ್ಕು ವರ್ಷದಿಂದ ಸೌದೆ ಒಡೆಯುತ್ತಿದ್ದ ಅಂಗಾರ, ಲಾಕಪ್ಪು ಸೇರಿದ್ದೂ ಅಂದೇ.

ಅಂಗಾರ ಆಡಿದ್ದು ಎರಡೇ ಮಾತು. ಆ ಮೂಳೆ ಚಂಪಾಳದ್ದು ಎಂಬುದು ಒಂದು, ಮಗಳು ಚೆನ್ನಾಗಿದ್ದಾಳೆ ಎಂಬುದು ಇನ್ನೊಂದು. ಮಗಳು ಎಲ್ಲಿ ಎಂದು ಕೇಳಿದರೆ ಬಾಯಿಗೆ ಬೀಗ. ದಾರಿ ಕಾಣದೆ ಕಾಂತಪ್ಪ ತನ್ನ ಹಳೇ ಗಿರಾಕಿ ತಿರುಮಲೇಶರನ್ನು ಕರೆಸಿದ್ದ.

ಚಂಪಾ ಅಂದರೆ ಚಿಂಪಾಂಜಿ, ಬಾಲವಿಲ್ಲದ ದೊಡ್ಡ ಮಂಗ. ಪಕ್ಕದ ಮೈದಾನದಲ್ಲಿ ಟೆಂಟು ಹಾಕಿದ್ದ ಯಾವುದೋ ಸರ್ಕಸ್ಸಿನವರು, ಕಾಯಿಲೆ ಬಿದ್ದ ಆ ಪ್ರಾಣಿಯನ್ನು ನಾಲ್ಕು ದಿನ ನೋಡಿಕೋ ಎಂದು ಅಂಗಾರನ ಸೌದೆಕೊಟ್ಟಿಗೆಯಲ್ಲಿ ಬಿಟ್ಟು ಊರುಬಿಟ್ಟಿದ್ದರು. ಮೋಹಿನಿಗೂ ಚಂಪಾಗೂ ಎಲ್ಲಿಲ್ಲದ ಗೆಳೆತನ. ಇಬ್ಬರೂ ಸೌದೆಯ ಚಕ್ಕೆಗಳ ನಡುವೆ ನೆಲದ ಮೇಲೇ ಇಡೀ ದಿನ ಆಡುತ್ತಿದ್ದರಂತೆ. ಬೆಳ್ಳುಳ್ಳಿ ಸುಲಿಯುವ ಮೋಹಿನಿ ಕೂತಲ್ಲಿಂದಲೇ ಒಂದೊಂದು ಎಸಳು ಎಸೆದರೆ ಚಂಪಾ ಮೂಗು ಮುರಿದು ವಾಪಸು ಎಸೆಯುತ್ತಿತ್ತಂತೆ. ಸೇವಂತಿ ಇದನ್ನೆಲ್ಲ ಒಂದಲ್ಲ ಮೂರು ಸಲ ಹೇಳಿದ್ದಳು.

ಇಪ್ಪತ್ತೆರಡು ತಿಂಗಳ ಹಿಂದೆ, ತಾಯಿ ತೀರಿಕೊಂಡಳೆಂದು ಸೇವಂತಿ ಊರಿಗೆ ಹೋಗಿದ್ದಳು. ಹೊರಡುವಾಗ ಹಿತ್ತಲಲ್ಲಿ ಇಬ್ಬರೂ ಇದ್ದರು. ತಿಂಗಳು ಬಿಟ್ಟು ಬಂದಾಗ ಇಬ್ಬರೂ ಇರಲಿಲ್ಲ. ಎರಡು ವರ್ಷ ಏನೂ ಕೇಳಬೇಡ, ಆಮೇಲೆ ಮಗಳೇ ನಿನ್ನ ಎದುರು ಬಂದು ನಿಲ್ಲುತ್ತಾಳೆ ಎಂದು ಅಂಗಾರ ಅವಳ ಕೈಹಿಡಿದು ಬೇಡಿಕೊಂಡಿದ್ದ. ಆ ಮನುಷ್ಯ ಎಂದೂ ಸುಳ್ಳು ಹೇಳಿದವನಲ್ಲ ಎಂದು ಅವಳು ಕೇಳಿರಲಿಲ್ಲ.

ಈಗ ಒಂದು ಲಂಗದೊಳಗೆ ಇಬ್ಬರಲ್ಲಿ ಒಬ್ಬರು ಸಿಕ್ಕಿದ್ದರು. ಯಾರು ಎನ್ನುವುದರ ಮೇಲೆ ಅಂಗಾರನ ಕುತ್ತಿಗೆ ನಿಂತಿತ್ತು, ಈ ತಾಯಿಯ ಉಸಿರೂ ನಿಂತಿತ್ತು.

“ಮಾವ, ಮೂರು ಗಂಟೆ ಆಯ್ತು. ಇನ್‌ಸ್ಪೆಕ್ಟರ್ ಬಂದಿದ್ದಾರೆ,” ಎಂದು ಹಿತ್ತಲ ಬಾಗಿಲಿನಿಂದ ಶಾಮಲಾ ಕರೆದಳು.

ತಿರುಮಲೇಶರು ಗೋಡೆಗೆ ಕೈಕೊಟ್ಟು, ಬಲ ಮಂಡಿಯನ್ನು ಮನಸ್ಸಿನಲ್ಲೇ ಬೈಯುತ್ತ ಎದ್ದರು.

ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿಗೆ ಇನ್ನೂ ಒಲೆ ಹತ್ತದ ಹೊತ್ತು. ಹೋಟೆಲಿನ ಮುಂಬಾಗಿಲು ಅರ್ಧ ಎಳೆದಿತ್ತು. ಹೊರಗೆ ಟ್ರಾಮು ಗಣಗಣ ಎನ್ನುತ್ತ ಹಾದುಹೋಯಿತು. ಕಾಂತಪ್ಪ ಅಮೃತಶಿಲೆಯ ಮೇಜೊಂದರ ಮೇಲೆ ಹಳೇ ಪೇಪರು ಹರಡಿದರೆ, ಶಾಮಲಾ ಅದನ್ನು ತೆಗೆದು ಮಡಿಸಿ ಪಕ್ಕಕ್ಕಿಟ್ಟಳು. ಮೇಜಿನ ಬರಿಯ ಮೈ ಬೇಕು, ಅದಕ್ಕೇ ಇಲ್ಲಿಗೆ ಬಂದದ್ದು ಎಂದಳು.

“ಎಂತ ಡಾಕ್ಟ್ರಮ್ಮ, ಜನ ದೋಸೆ ತಿನ್ನುವ ಮೇಜು ಮಾರಾಯ್ರೆ ಅದು,” ಎಂದು ಕಾಂತಪ್ಪ ಗೋಗರೆದ. ಆಮೇಲೆ, ಅಂಗಾರ ಬದುಕಿ ಬರುವುದಾದರೆ ಮೇಜು ಹೋದರೆ ಹೋಗಲಿ ಎಂದು ಗೊಣಗಿ, ಅರಸಿನ ನೀರು ಕಲಸಿಡಲು ಒಳಗೆ ಹೋದ.

ಶಾಮಲಾ ತಿರುಮಲೇಶರ ತೀರಿಹೋದ ಅಕ್ಕನ ಮಗಳು. ಆರು ವರ್ಷದ ಮಗುವಾಗಿದ್ದಾಗ ಮೈಸೂರಿನಿಂದ ಕರೆತಂದು ಸಾಕಿದ್ದರು. ಈಗ ಮೆಡಿಕಲ್ ಕಾಲೇಜಿನಲ್ಲಿ ಹುಡುಗರಿಗೆ ಅಂಗರಚನೆ ಕಲಿಸುತ್ತಾಳೆ. ಆಂಟಾಪ್ ಹಿಲ್‌ನ ಎರಡು ಕೋಣೆಯ ಮನೆಯಲ್ಲಿ ಅವಳ ಪುಸ್ತಕಗಳಿಗೂ ಇವರ ಮಂಡಿನೋವಿನ ತೈಲದ ಬಾಟಲಿಗಳಿಗೂ ಒಂದೇ ಕಪಾಟು. ಅವಳು ಮೊದಲ ದಿನ ತಲೆಬುರುಡೆ ಮನೆಗೆ ತಂದಾಗ ಇವರು ಊಟ ಬಿಟ್ಟಿದ್ದರು. ಈಗ ಅದರ ಮೇಲೆ ತಮ್ಮ ಕನ್ನಡಕ ಇಡುತ್ತಾರೆ.

ಇನ್‌ಸ್ಪೆಕ್ಟರ್ ಕಾಶಪ್ಪ ಧಾರವಾಡದ ಕಡೆಯವನು. ಗಟ್ಟಿ ಮೀಸೆ, ಮೆತ್ತಗಿನ ಕಣ್ಣು. ಮೂಳೆಗಳ ಗಂಟನ್ನು ತಾನೇ ಹಿಡಿದು ತಂದಿದ್ದ, ಕಾನ್‌ಸ್ಟೇಬಲ್ ಕೈಗೂ ಕೊಟ್ಟಿರಲಿಲ್ಲ.

“ನೋಡ್ರಿ ಸಾಹೇಬ್ರ, ನಾಳೆ ಮುಂಜಾನೆ ಅವನ್ನ ಮ್ಯಾಜಿಸ್ಟ್ರೇಟರ ಮುಂದ ನಿಲ್ಲಸಬೇಕು. ನಮ್ಮ ಡಾಕ್ಟರು ಎಂಟ್ಹತ್ತು ವರ್ಷದ ಕೂಸಿಂದು ಇರಬಹುದು ಅಂತ ಬರದಾರ. ನಿಮ್ಮ ಸೊಸಿಯವರು ಅಲ್ಲ ಅಂದ್ರ, ಯಾಕ ಅಲ್ಲ ಅಂತ ನನಗ ತಿಳಿಯೂ ಹಂಗ ಹೇಳಬೇಕು. ಊರಾಗ ನನಗೂ ಆ ವಯಸ್ಸಿನ ಮಗಳದಾಳ. ಇದು ಮಂಗ್ಯಾಂದೇ ಆಗ್ಲಿ ಅಂತ ನಾನೂ ದೇವರಿಗೆ ಹರಕಿ ಹೊತ್ತೇನಿ.”

ಗಂಟು ಬಿಚ್ಚಿದರು. ಎರಡು ತೊಡೆಮೂಳೆ, ಒಂದಿಷ್ಟು ಪಕ್ಕೆಲುಬಿನ ಚೂರು. ಅಷ್ಟೇ. ಹಿಂದಿನ ವರ್ಷ ಚರಂಡಿ ಅಗೆದವರು ಗುಂಡಿಯ ಅರ್ಧವನ್ನು ಮಣ್ಣಿನ ಜೊತೆಗೇ ಹೊತ್ತು ಸಾಗಿಸಿದ್ದರು.

ತಲೆಬುರುಡೆ ಇದ್ದಿದ್ದರೆ ಈ ಪಾಡೇ ಇರಲಿಲ್ಲ ಎಂದಳು ಶಾಮಲಾ. ನಮ್ಮ ತಲೆ ಕುತ್ತಿಗೆಯ ಮೇಲೆ ಕೊಡದ ಹಾಗೆ ಕೂತಿರುತ್ತದೆ, ಬೆನ್ನುಹುರಿ ಇಳಿಯುವ ತೂತು ಬುರುಡೆಯ ನಡುವೆಯೇ ಇರುತ್ತದೆ. ಚಿಂಪಾಂಜಿಯದು ಹಿಂದಕ್ಕೆ ಸರಿದಿರುತ್ತದೆ, ಅದರ ತಲೆ ಮುಂದಕ್ಕೆ ತೂಗುತ್ತದೆ. ಸೊಂಟದ ಮೂಳೆ ಸಿಕ್ಕಿದ್ದರೂ ಸಾಕಿತ್ತು. ನಮ್ಮದು ಬೋಗುಣಿ, ಅದರದ್ದು ಉದ್ದನೆಯ ಹಲಗೆ. ಎರಡೂ ಇಲ್ಲ. ಇರುವುದು ತೊಡೆ. ತೊಡೆಯನ್ನೇ ಕೇಳೋಣ ಎಂದು ತನ್ನ ಕೈಚೀಲದಿಂದ ಕಾಲೇಜಿನ ಎರಡು ಮೂಳೆಗಳನ್ನು ಹೊರತೆಗೆದಳು.

ಮೊದಲನೆಯದು ಮನುಷ್ಯನದು. ಅದರ ಕೆಳತುದಿಯ ಎರಡು ಗುಬುಟುಗಳೂ ಮೇಜಿಗೆ ತಾಗುವಂತೆ ಇಟ್ಟು, ಮೇಲ್ತುದಿಯನ್ನು ಎರಡು ಬೆರಳಿನಲ್ಲಿ ಹಗುರಾಗಿ ಹಿಡಿದಳು. ಮೂಳೆ ನೇರ ನಿಲ್ಲಲಿಲ್ಲ. ಗೋಡೆಗೆ ಒರಗಿಸಿದ ಒನಕೆಯ ಹಾಗೆ ಒಂದು ಪಕ್ಕಕ್ಕೆ ವಾಲಿತು.

ಎರಡನೆಯದು ಚಿಂಪಾಂಜಿಯದು. ಅದನ್ನೂ ಹಾಗೆಯೇ ಇಟ್ಟಳು. ಅದು ನೆಟ್ಟಗೆ ಕಂಬದಂತೆ ನಿಂತಿತು.

ಕಾಶಪ್ಪ ಬಗ್ಗಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು, ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿದ. ಹೀಗೆ ಯಾಕೆ ಎಂದು ಕೇಳಿದ.

ಒಂಟಿ ಕಾಲಿನಲ್ಲಿ ನಿಲ್ಲಿ, ಗೊತ್ತಾಗುತ್ತದೆ ಎಂದಳು ಶಾಮಲಾ.

ಬೂಟು, ಬೆಲ್ಟು, ಟೊಪ್ಪಿ ಸಮೇತ ಇನ್‌ಸ್ಪೆಕ್ಟರ್ ಸಾಹೇಬರು ಕಾಂತಪ್ಪನ ಹೋಟೆಲಿನ ನಟ್ಟನಡುವೆ ಒಂಟಿ ಕಾಲಿನಲ್ಲಿ ನಿಂತರು. ಅರಸಿನ ನೀರು ಹಿಡಿದು ಬಂದ ಕಾಂತಪ್ಪ ಬಾಗಿಲಲ್ಲೇ ಕಲ್ಲಾದ.

“ಈಗ ನಿಮ್ಮ ಮಂಡಿ ಎಲ್ಲಿದೆ ನೋಡಿಕೊಳ್ಳಿ ಸರ್. ಹೊಕ್ಕುಳಿಗೆ ನೇರ ಕೆಳಗೆ ಇದೆ. ತೊಡೆ ಒಳಕ್ಕೆ ವಾಲಿರೋದರಿಂದ ಬಿದ್ದಿಲ್ಲ. ನಡೆಯುವಾಗ ಪ್ರತಿ ಹೆಜ್ಜೆಗೂ ನಾವು ಒಂದು ಗಳಿಗೆ ಒಂಟಿ ಕಾಲಲ್ಲೇ ಇರುತ್ತೀವಿ. ಚಿಂಪಾಂಜಿಗೆ ಆ ಓರೆ ಇಲ್ಲ. ಎದ್ದು ನಿಂತರೆ ಅದರ ಕಾಲು ಎರಡೂ ಅಗಲಕ್ಕೆ ನಿಲ್ಲುತ್ತೆ. ನಾಲ್ಕು ಹೆಜ್ಜೆ ಇಡೋದರಲ್ಲಿ ಅತ್ತಿತ್ತ ಓಲಾಡಿ ಮತ್ತೆ ಕೈಯೂರಿಬಿಡುತ್ತೆ.”

ಕಾಶಪ್ಪ ಕಾಲು ಇಳಿಸಿದ. ಮುಖ ಗಂಟಿಕ್ಕಿತು. “ಅಂದ್ರ ನಾವೆಲ್ಲ ಆ ಮಂಗ್ಯಾನ ಹೊಟ್ಯಾಗ ಹುಟ್ಟಿದವರು ಅನ್ನೂದು ಖರೇ ಏನ್ರಿ?”

“ಅದು ನಮ್ಮ ಅಜ್ಜ ಅಲ್ಲ ಸರ್, ದಾಯಾದಿ. ಯಾವುದೋ ಕಾಲದಲ್ಲಿ ಒಂದೇ ಮನೆ ಇತ್ತು. ಪಾಲಾಯ್ತು. ಅವರು ಮರ ಇಟ್ಟುಕೊಂಡರು, ನಾವು ನೆಲಕ್ಕೆ ಬಂದ್ವಿ. ಲಕ್ಷಗಟ್ಟಲೆ ವರ್ಷ ನಡೆದ ಮೇಲೆ ನಮ್ಮ ತೊಡೆ ಹೀಗಾಯ್ತು, ಸೊಂಟ ಬೋಗುಣಿಯಾಯ್ತು, ಪಾದದ ಹೆಬ್ಬೆರಳು ಹಿಡಿಯೋದನ್ನ ಮರೆತು ಉಳಿದ ಬೆರಳುಗಳ ಸಾಲಿಗೆ ಬಂತು. ಬೆನ್ನುನೋವು, ಮಂಡಿನೋವು ನಮಗೆ ಪಾಲಿಗೆ ಬಂದದ್ದು. ನಮ್ಮ ಮಾವನನ್ನ ಕೇಳಿ.”

ತಿರುಮಲೇಶರು ತಮ್ಮ ಮಂಡಿಯನ್ನು ಸವರಿಕೊಂಡರು. ಸೊಸೆ ತಮ್ಮ ಬಲಹೀನತೆಯನ್ನು ಪೊಲೀಸರ ಮುಂದೆ ಸಾಕ್ಷಿಗೆ ಹಿಡಿದದ್ದು ಅವರಿಗೆ ಕೊಂಚ ಹೆಮ್ಮೆಯನ್ನೇ ತಂದಿತ್ತು.

ಹಾಗಾದರೆ ಎದ್ದು ನಿಂತು ನಮಗೆ ಬಂದ ಲಾಭವಾದರೂ ಏನು ಎಂದು ಕಾಂತಪ್ಪ ಬಾಗಿಲಿನಿಂದಲೇ ಕೇಳಿದ. ವ್ಯಾಪಾರಿಗೆ ಸಹಜವಾದ ಪ್ರಶ್ನೆ.

“ಕೈ ಖಾಲಿಯಾಯ್ತು ಕಾಂತಪ್ಪನವರೇ,” ಎಂದಳು ಶಾಮಲಾ. “ಕೈ ಖಾಲಿಯಾದ ಮೇಲೆ ಇನ್ನೊಬ್ಬರನ್ನ ಎತ್ತಿಕೊಳ್ಳಬಹುದಾಯ್ತು.”

ಹಿತ್ತಲ ಬಾಗಿಲಿನ ಹೊಸ್ತಿಲಾಚೆ ನಿಂತಿದ್ದ ಸೇವಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡದ್ದನ್ನು ತಿರುಮಲೇಶರು ನೋಡಿದರು. ಮಗಳ ನೆನಪಾಗಿರಬೇಕು ಎಂದುಕೊಂಡರು. ಅವರಿಗೆ ಆಗ ಅಷ್ಟೇ ಹೊಳೆದದ್ದು.

ಇನ್ನು ಗಂಟಿನ ಮೂಳೆ. ಅದು ಎಳೆಯದು. ಅದರ ಕೆಳತುದಿಗೆ ಟೋಪಿಯಂತೆ ಕೂರುವ ತುಂಡು ಇನ್ನೂ ಮೂಳೆಗೆ ಬೆಸೆದುಕೊಂಡಿರಲಿಲ್ಲ, ಬಿಟ್ಟುಕೊಂಡು ಬೇರೆಯಾಗಿತ್ತು. ಎಳೆಯ ಮಗುವಿನಲ್ಲೂ ಹೀಗೇ ಇರುತ್ತದೆ, ಎಳೆಯ ಚಿಂಪಾಂಜಿಯಲ್ಲೂ ಹೀಗೇ, ಇದರಿಂದ ಏನೂ ತಿಳಿಯುವುದಿಲ್ಲ ಎಂದು ಶಾಮಲಾ ಮುಚ್ಚುಮರೆಯಿಲ್ಲದೆ ಹೇಳಿದಳು. ಡಬ್ಬಿಗೆ ಮುಚ್ಚಳ ಕೂರಿಸುವ ಹಾಗೆ ಆ ಟೋಪಿಯನ್ನು ಮೆಲ್ಲಗೆ ತಿರುವಿ, ಸರಿಯಾದ ಜಾಗದಲ್ಲಿ ಕೂರಿಸಿದಳು.

“ಭಾಳ ಹಗುರ ಅದ ನೋಡ್ರಿ,” ಎಂದ ಕಾಶಪ್ಪ, ಜೋಡಿಯ ಇನ್ನೊಂದು ಮೂಳೆಯನ್ನು ಅಂಗೈಯಲ್ಲಿ ತೂಗುತ್ತ.

ಎರಡು ಮಳೆಗಾಲ ಕೆಸರಲ್ಲಿ ಕೂತಿದ್ದಲ್ಲವೇ, ಸಾರವೆಲ್ಲ ಹೋಗಿರುತ್ತದೆ ಎಂದಳು ಅವಳು.

ನಂತರ ಮೂಳೆಯನ್ನು ಮೇಜಿನ ಮೇಲೆ ನಿಲ್ಲಿಸಿದಳು.

ಇಪ್ಪತ್ತಾರು ವರ್ಷಗಳಲ್ಲಿ ತಿರುಮಲೇಶರು ಎಷ್ಟೋ ಪೆಟ್ಟಿಗೆ, ಎಷ್ಟೋ ಮೂಟೆ ಬಿಚ್ಚಿಸಿದ್ದರು. ಯಾವುದಕ್ಕೂ ಹೀಗೆ ದೇವರನ್ನು ನೆನೆದಿರಲಿಲ್ಲ.

ಮೂಳೆ ವಾಲಲಿಲ್ಲ. ಚಿಂಪಾಂಜಿಯ ಮೂಳೆಯ ಪಕ್ಕದಲ್ಲಿ ಅದೂ ನೆಟ್ಟಗೆ ನಿಂತಿತು. ಇನ್ನೊಂದನ್ನೂ ನಿಲ್ಲಿಸಿದಳು. ಅದೂ ಹಾಗೇ.

ಕಾಶಪ್ಪ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ತನ್ನ ಸೋದರತ್ತೆಯ ಕಾಲು ಬಿಲ್ಲಿನ ಹಾಗೆ ಸೊಟ್ಟಗಿತ್ತು, ಅವಳೇನು ಮಂಗವೇ ಎಂದು ಕೇಳಿದ. ಪ್ರಶ್ನೆ ಒಳ್ಳೆಯದು ಎಂದು ಶಾಮಲಾ ಒಪ್ಪಿದಳು. ರೋಗದಿಂದ ಮೂಳೆಯ ಆಕಾರ ಕೆಡುವುದುಂಟು. ಅದಕ್ಕೇ ತನಗೆ ಒಂದು ಮಾತು ತಿಳಿಯಬೇಕು: ಆ ಹುಡುಗಿಗೆ ಕಾಲಿನದೋ ಮೂಳೆಯದೋ ಏನಾದರೂ ತೊಂದರೆ ಇತ್ತೇ?

ಕಾಶಪ್ಪ ಜೇಬಿನಿಂದ ಕಾಗದ ತೆಗೆದು, ಸೇವಂತಿ ಕೊಟ್ಟ ಹೇಳಿಕೆಯ ಮೇಲೆ ಬೆರಳಾಡಿಸಿದ. ಹೆಸರು ಮೋಹಿನಿ, ವಯಸ್ಸು ಒಂಬತ್ತು, ಎಡ ಕೆನ್ನೆಯಲ್ಲಿ ಮಚ್ಚೆ. ಅಂಗದಲ್ಲಿ ಕೊರತೆ ಇದ್ದರೆ ಬರೆಯುವ ಜಾಗದಲ್ಲಿ ‘ಏನೂ ಇಲ್ಲ’.

“ನಾನ ಸ್ವತಃ ಕೇಳಿ ಬರಸೇನ್ರಿ. ಎರಡ ಸಲ ಕೇಳೇನಿ.”

“ಹಾಗಿದ್ದರೆ ಇದು ಮನುಷ್ಯರ ಮಗುವಲ್ಲ,” ಎಂದಳು ಶಾಮಲಾ.

ಕಾಶಪ್ಪ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ. ಶಾಮಲಾ ಎರಡು ಪುಟ ಬರೆದು ಸಹಿ ಹಾಕಿಕೊಟ್ಟ ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟುಕೊಂಡ. ಮೇಲಿನವರಿಗೆ ಫೋನು ಮಾಡಿ, ತಿರುಮಲೇಶರ ಜಾಮೀನಿನ ಮೇಲೆ ಇವತ್ತೇ ಅಂಗಾರನನ್ನು ಬಿಡುತ್ತೇನೆ, ಅವನ ಸಾಮಾನೂ ಕೊಟ್ಟು ಕಳಿಸುತ್ತೇನೆ ಎಂದ. ಗಂಟು ಎತ್ತಿಕೊಂಡು ಹೊರಡುವಾಗ ಹಿತ್ತಲ ಬಾಗಿಲ ಕಡೆ ತಿರುಗಿ, ಸೇವಂತಿಗೆ ಕೈಮುಗಿದ. ಪೊಲೀಸರು ಕೈಮುಗಿದದ್ದನ್ನು ಕಂಡು ಅವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ.

ಕಾಂತಪ್ಪ ತಾನೇ ಮೂರು ಲೋಟ ಕಾಫಿ ತಂದ. ಶಾಮಲಾ ಎದ್ದು ಹೋಗಿ ಸೇವಂತಿಯ ಕೈಹಿಡಿದು ಒಳಗೆ ಕರೆತಂದಳು. ಹದಿನಾಲ್ಕು ವರ್ಷದಲ್ಲಿ ಗಂಡ ಹೆಂಡತಿ ಇಬ್ಬರೂ ಆ ಹೊಸ್ತಿಲು ದಾಟಿ ಮೇಜಿಗೆ ಕೂತವರಲ್ಲ. ಅವಳು ಕಾಂತಪ್ಪನ ಮುಖ ನೋಡಿದಳು. ಕಾಂತಪ್ಪ ಬೇರೆಲ್ಲೋ ನೋಡುತ್ತ, ಕಾಫಿ ಆರುತ್ತದೆ ಕೂತುಕೋ ಎಂದ. ಅರಸಿನ ನೀರಿನ ಪಾತ್ರೆಯನ್ನು ಮೆಲ್ಲಗೆ ಬಾಗಿಲ ಹಿಂದಕ್ಕೆ ಸರಿಸಿದ.

ಸೇವಂತಿ ಬೆಂಚಿನ ತುದಿಯಲ್ಲಿ ಕೂತಳು. ಮಡಿಲಲ್ಲಿ ಇನ್ನೂ ಮಗಳ ಒಂದು ಜೊತೆ ಚಪ್ಪಲಿ ಇತ್ತು.

“ಹಾಗಾದರೆ ನನ್ನ ಮಗಳು ಜೀವಂತ ಉಂಟು, ಅಲ್ಲವಾ ಸ್ವಾಮಿ?”

ಉಂಟು ಎನ್ನಬೇಕು ಎಂದು ತಿರುಮಲೇಶರ ನಾಲಿಗೆ ತುದಿಗೆ ಬಂದಿತ್ತು. ಆದರೆ ಮೂಳೆ ಹೇಳಿದ್ದು ಇದು ಅವಳಲ್ಲ ಎಂದು ಮಾತ್ರ. ಅವಳೆಲ್ಲಿ ಎಂದು ಹೇಳಿರಲಿಲ್ಲ. ಅಂಗಾರ ಬರಲಿ, ಈಗ ಬಾಯಿ ಬಿಟ್ಟೇ ಬಿಡುತ್ತಾನೆ ಎಂದರು.

ಶಾಮಲಾ ಕಾಲೇಜಿನ ಮೂಳೆಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಗೆದ್ದ ಖುಷಿಗೆ ಅವಳ ಮಾತು ಸಡಿಲವಾಗಿತ್ತು. ಚಿಕ್ಕಂದಿನಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದ ದಿನ ಹೀಗೆಯೇ ಅನ್ನದ ತಟ್ಟೆಯ ಮುಂದೆ ಕೂತು ವಟಗುಟ್ಟುತ್ತಿದ್ದಳೆಂದು ತಿರುಮಲೇಶರಿಗೆ ನೆನಪಾಗಿ ಅಕ್ಕರೆ ಉಕ್ಕಿತು.

“ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಏನು ಗೊತ್ತಾ ಮಾವ? ಈ ವಾಲು ನಾವು ಹುಟ್ಟುವಾಗ ತಂದದ್ದಲ್ಲ. ಆಗ ತಾನೇ ಹುಟ್ಟಿದ ಕೂಸಿನ ತೊಡೆಮೂಳೆ ಚಿಂಪಾಂಜಿಯದರ ಹಾಗೇ ನೆಟ್ಟಗಿರುತ್ತೆ. ಅದು ಎದ್ದು ನಿಂತು, ಬಿದ್ದು, ಮತ್ತೆ ಎದ್ದು ಹೆಜ್ಜೆ ಇಡ್ತಾ ಇಡ್ತಾ, ಮೈಯ ಭಾರ ಬಿದ್ದೂ ಬಿದ್ದೂ ಮೂಳೆ ವಾಲುತ್ತೆ. ಪ್ರತಿ ಮಗುವೂ ಮತ್ತೆ ಮೊದಲಿನಿಂದ ನಡೆದೇ ಸಂಪಾದಿಸಬೇಕು.”

ತಿರುಮಲೇಶರ ಕೈಯ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

ಒಳಗೆ ಚುಚ್ಚುತ್ತಿದ್ದ ಮುಳ್ಳು ಈಗ ನೇರ ಎದೆಗೆ ನಾಟಿತು. ನಾಲ್ಕು ಜೊತೆ ಚಪ್ಪಲಿ. ಒಂದರ ತಳಕ್ಕೂ ಧೂಳಿಲ್ಲ. ಕೂತಲ್ಲಿಂದಲೇ ಸುಲಿದ ಬೆಳ್ಳುಳ್ಳಿ. ನೆಲದ ಮೇಲೇ ಆಡಿದ ಇಬ್ಬರು ಗೆಳತಿಯರು.

ಅವರು ಲೋಟವನ್ನು ಮೇಜಿನ ಮೇಲಿಟ್ಟರು. “ಸೇವಂತಿ, ಮೋಹಿನಿ ಶಾಲೆಗೆ ಹೇಗೆ ಹೋಗುತ್ತಿದ್ದಳಮ್ಮ?”

“ಇವರ ಹೆಗಲ ಮೇಲೆ.”

“ದೊಡ್ಡವಳಾದ ಮೇಲೂ?”

“ಹೌದು ಸ್ವಾಮಿ. ಚಪ್ಪಲಿ ಹಾಕಿಕೊಂಡು ರಾಣಿಯ ಹಾಗೆ ಕೂರುತ್ತಿದ್ದಳು. ಟ್ರಾಮಿನವರೆಲ್ಲ ಗಂಟೆ ಬಾರಿಸುತ್ತಿದ್ದರು ಅವಳನ್ನು ನೋಡಿ.”

ಶಾಮಲಾಳ ಕೈ ಬಟ್ಟೆಯ ಗಂಟಿನ ಮೇಲೆ ಹಾಗೇ ನಿಂತಿತು. ಅವಳಿಗೆ ಅರ್ಥವಾಗಿತ್ತು. ಆದರೂ ಕೇಳಲೇಬೇಕಾದ ಮಾತನ್ನು ಯಾರಾದರೂ ಒಬ್ಬರು ಕೇಳಬೇಕಿತ್ತು, ತಿರುಮಲೇಶರು ಕೇಳಿದರು. ಅವಳು ಎಂದಾದರೂ ನಡೆದಿದ್ದಳೇ?

ಸೇವಂತಿ ತಲೆ ತಗ್ಗಿಸಿದಳು. ಹತ್ತು ತಿಂಗಳಿದ್ದಾಗ ಜ್ವರ ಬಂತು, ಏಳು ದಿನಕ್ಕೆ ಬಿಟ್ಟಿತು, ಬಿಡುವಾಗ ಎರಡೂ ಕಾಲಿನ ಬಲ ತೆಗೆದುಕೊಂಡು ಹೋಯಿತು. ಮಗಳು ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ. ಇದನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡದ ಮಾತು ಅದು. ತಾಯಿ ಆಡಿದರೆ ಮಗುವಿಗೆ ಅದೇ ಕಾಯಂ ಆಗಿಬಿಡುತ್ತದೆ ಎಂದು ಅವಳ ತಾಯಿ ಕಟ್ಟುನಿಟ್ಟು ಮಾಡಿದ್ದಳಂತೆ. ಹಿತ್ತಲಿಗೆಲ್ಲ ಗೊತ್ತಿದ್ದ ವಿಷಯ, ಗೊತ್ತಿದೆಯೆಂದೇ ಯಾರೂ ಹೇಳಿರಲಿಲ್ಲ. ಕಾಂತಪ್ಪ ಕೂಡ, ಅದನ್ನೇನು ಹೇಳುವುದು, ನಿಮಗೂ ಗೊತ್ತುಂಟು ಎಂದುಕೊಂಡಿದ್ದೆ ಎಂದು ತೊದಲಿದ.

ಇನ್‌ಸ್ಪೆಕ್ಟರಿಗೂ ಏನೂ ಇಲ್ಲ ಎಂದೆಯಲ್ಲಮ್ಮ ಎಂದರು ತಿರುಮಲೇಶರು. ಬೈಯಬೇಕೆಂದಿದ್ದರು, ಬೈಯಲು ಆಗಲಿಲ್ಲ.

“ಕೊರತೆ ಉಂಟಾ ಅಂತ ಕೇಳಿದರು. ಅವಳಿಗೆ ಎಂತ ಕೊರತೆ ಸ್ವಾಮಿ?” ಸೇವಂತಿ ಚಪ್ಪಲಿಯನ್ನು ಎದೆಗೊತ್ತಿಕೊಂಡಳು. “ಅಪ್ಪನ ಎರಡು ಕಾಲು ಅವಳದ್ದೇ ಇತ್ತಲ್ಲ.”

ಕೈ ಖಾಲಿಯಾದ ಮೇಲೆ ಎತ್ತಿಕೊಳ್ಳಬಹುದಾಯ್ತು ಎಂದು ಸೊಸೆ ಹೇಳಿದಾಗ ಈ ಹೆಣ್ಣು ಯಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು ಎಂಬುದು ತಿರುಮಲೇಶರಿಗೆ ಈಗ ತಿಳಿಯಿತು. ಪತ್ತೇದಾರನೆಂಬ ಹೆಸರು ಹೊತ್ತ ತಮ್ಮ ಮೇಲೆಯೇ ಅವರಿಗೆ ನಾಚಿಕೆಯಾಯಿತು.

ಶಾಮಲಾ ಸಣ್ಣ ದನಿಯಲ್ಲಿ ಮಾತಾಡಿದಳು. “ನಡೆಯದ ಮಗುವಿನ ಮೂಳೆ ವಾಲೋದಿಲ್ಲ ಮಾವ. ಅದು ನೆಟ್ಟಗೇ ಬೆಳೆಯುತ್ತೆ. ಭಾರ ಹೊರದ ಮೂಳೆ ತೆಳ್ಳಗೂ ಆಗುತ್ತೆ. ಹಗುರ.”

ಹಗುರ. ಕಾಶಪ್ಪ ಅಂಗೈಯಲ್ಲಿ ತೂಗಿ ಆಡಿದ ಮಾತು. ಹಾಗೆಂದು ಮಣ್ಣಿನಲ್ಲಿ ಎರಡು ಮಳೆಗಾಲ ಕೂತ ಮೂಳೆಯೂ ಹಗುರಾಗುತ್ತದೆ, ಅದೂ ಸುಳ್ಳಲ್ಲ. ಮೂಳೆಯನ್ನು ಅಡ್ಡ ಕೊಯ್ದು ಒಳಗಿನ ಗೋಡೆ ಎಷ್ಟು ದಪ್ಪ ಎಂದು ನೋಡಿದರೆ ತಿಳಿದೀತು ಎಂದಳು ಅವಳು. ಅಲ್ಲಿಯವರೆಗೆ ತಾನು ಬರೆದುಕೊಟ್ಟ ಕಾಗದಕ್ಕೆ ಕವಡೆಯ ಬೆಲೆಯೂ ಇಲ್ಲ. ಈಗಲೇ ಠಾಣೆಗೆ ಹೋಗಿ ಅದನ್ನು ವಾಪಸು ಕೇಳಬೇಕು.

ವಾಪಸು ಪಡೆದರೆ ಅಂಗಾರ ಮತ್ತೆ ಒಳಗೆ ಹೋಗುತ್ತಾನೆ, ನಾಳೆ ಮುಂಜಾನೆ ಕೊಲೆಗಾರನಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುತ್ತಾನೆ ಎಂದರು ತಿರುಮಲೇಶರು. ಒಂದು ರಾತ್ರಿ ತಡೆ, ಅವನ ಬಾಯಿಂದ ಕೇಳೋಣ ಎಂದರು. ಜೀವನದಲ್ಲಿ ಮೊದಲ ಸಲ ಅವರು ಸೊಸೆಗೆ ಸುಳ್ಳನ್ನು ಸಹಿಸು ಎಂದು ಹೇಳುತ್ತಿದ್ದರು.

“ನಾನು ಗೊತ್ತಿಲ್ಲ ಅಂತ ಬರೀಬೇಕಿತ್ತು. ಗೊತ್ತು ಅಂತ ಬರೆದಿದ್ದೀನಿ,” ಎಂದಳು ಶಾಮಲಾ. ಕಣ್ಣು ತುಂಬಿತ್ತು, ದನಿ ಅಲುಗಲಿಲ್ಲ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ತಿರುಮಲೇಶರೂ ಮಂಡಿ ಹಿಡಿದುಕೊಂಡು ಎದ್ದರು. ಅವಳು ಹೋಗುವುದಾದರೆ ಒಬ್ಬಳೇ ಹೋಗಕೂಡದು.

ಅಷ್ಟರಲ್ಲಿ ಹಿತ್ತಲ ತಡಿಕೆ ಕಿರುಗುಟ್ಟಿತು.

ಸೌದೆರಾಶಿಯ ಪಕ್ಕದಲ್ಲಿ ಅಂಗಾರ ನಿಂತಿದ್ದ. ಹಿಂದೆ ಒಬ್ಬ ಕಾನ್‌ಸ್ಟೇಬಲ್. ಕಾಶಪ್ಪ ಮಾತು ಉಳಿಸಿಕೊಳ್ಳುವ ಮನುಷ್ಯ, ಅದೂ ಇಷ್ಟು ಬೇಗ. ಹನ್ನೆರಡು ದಿನದ ಗಡ್ಡ. ಬಲ ಹೆಗಲು ಎಡಕ್ಕಿಂತ ಎರಡು ಬೆರಳು ತಗ್ಗಿತ್ತು. ಸೌದೆ ಹೊತ್ತು ಹಾಗಾಗಿದೆ ಎಂದು ತಿರುಮಲೇಶರು ಇಷ್ಟು ದಿನ ತಿಳಿದಿದ್ದರು.

ಸೇವಂತಿ ಓಡಿಹೋಗಿ ಅವನ ಮುಂದೆ ನಿಂತಳು. ಅಳಲಿಲ್ಲ, ಮುಟ್ಟಲಿಲ್ಲ. ಎರಡು ವರ್ಷ ಕೇಳುವುದಿಲ್ಲ ಎಂದ ಮಾತನ್ನು ಅಲ್ಲೇ ಮುರಿದಳು.

“ಆ ಲಂಗದಲ್ಲಿ ಇದ್ದದ್ದು ಯಾರು?”

ಅಂಗಾರ ಹೆಂಡತಿಯ ಕೈಯಲ್ಲಿದ್ದ ಚಪ್ಪಲಿಯನ್ನೇ ನೋಡಿದ. ಬಗ್ಗಿ, ಠಾಣೆಯವರು ಹಿಂದಿರುಗಿಸಿದ ತನ್ನ ಸಣ್ಣ ಗಂಟನ್ನು ಬಿಚ್ಚಿದ. ಬೀಡಿಕಟ್ಟು, ಬೆಂಕಿಪೊಟ್ಟಣ, ಒಂದು ಕೀಲಿಕೈ. ಅವುಗಳ ಕೆಳಗಿಂದ ಏನನ್ನೋ ತೆಗೆದು, ಹೆಂಡತಿಗೂ ಕೊಡದೆ, ತಿರುಮಲೇಶರ ಕೈಗಿಟ್ಟ.

ಸಣ್ಣ ಎಡಗಾಲಿನ ಚಪ್ಪಲಿ. ನಾಲ್ಕು ಜೊತೆಗಿಂತಲೂ ಬೆರಳಗಲ ದೊಡ್ಡದು, ಒಂಬತ್ತನೇ ವರ್ಷದ್ದು.

ತಿರುಮಲೇಶರು ಚಾಳಿಯಂತೆ ಅದನ್ನು ಮಗುಚಿದರು. ಅಟ್ಟೆಯ ಹೊಲಿಗೆ ಕಿತ್ತಿತ್ತು. ಹೆಬ್ಬೆರಳಿನ ಜಾಗದಲ್ಲಿ ತೂತು ಬಿದ್ದಿತ್ತು. ಹಿಮ್ಮಡಿ, ದಿನವೂ ನಡೆದವರ ಚಪ್ಪಲಿಯಲ್ಲಿ ಹೇಗಿರುತ್ತದೋ ಹಾಗೆ, ಒಂದು ಬದಿಗೆ ಪೂರಾ ಸವೆದುಹೋಗಿತ್ತು.